ಹಕ್ಕಿ ಫೋಟೊದಲ್ಲಿ ಗೆಲ್ಲಬೇಕೆ? ಕುಮಟಾದ ಕೆಸರಿನಿಂದ ಹನ್ನೆರಡು ಸೂತ್ರ

"ದೊಡ್ಡ ಲೆನ್ಸ್ ಇಲ್ಲ. ಟೈಮ್ ಇಲ್ಲ. ನಮ್ಮೂರಲ್ಲಿ ಅಂಥ ಹಕ್ಕಿ ಎಲ್ಲಿವೆ?" ವಾರಕ್ಕೊಮ್ಮೆಯಾದರೂ ಈ ಮೂರು ಮಾತು ನನ್ನ ಕಿವಿಗೆ ಬೀಳುತ್ತವೆ. ಹೇಳುವವರು ಕಾಲೇಜು ಹುಡುಗರು, ಆಫೀಸಿನವರು, ಮೇಷ್ಟ್ರುಗಳು. ಮೂರೂ ನೆಪ. ನೆಪ ಹೇಳುವುದು ಒಂದು ಚಟ, ಉಗುರು ಕಚ್ಚಿದ ಹಾಗೆ. ಬಿಡಿಸಬಹುದು.

ನಾನು ಹತ್ತರಿಂದ ಐದೂವರೆಯವರೆಗೆ ಕೌಂಟರಿನ ಹಿಂದೆ ಕೂರುವವನು. ಕ್ಯಾಮೆರಾ ಸೆಕೆಂಡ್ ಹ್ಯಾಂಡ್. ನನ್ನ ಸಫಾರಿ ಎಂದರೆ ಕುಮಟಾ ಪೇಟೆ ದಾಟಿದ ಮೇಲೆ ಸಿಗುವ ಅಘನಾಶಿನಿಯ ಅಳಿವೆ, ಅದರ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು, ಆಚೆ ದಡದ ಸಾಣಿಕಟ್ಟಾ ಉಪ್ಪಿನ ಆಗರ. ಈ ಅಳಿವೆಯ 4801 ಹೆಕ್ಟೇರ್ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮುದ್ರೆ ಬಿತ್ತು. ಅಂಥ ಜಾಗ ಸೈಕಲ್ ದೂರದಲ್ಲಿರುವಾಗ ನೀವು ಕಬಿನಿ ಸಫಾರಿಯ ರೇಟ್ ಕೇಳುತ್ತಾ ಕೂತಿದ್ದೀರಿ. ಎದ್ದೇಳಿ.

1. ಒಂದೇ ಜಾಗ ಹಿಡಿಯಿರಿ, ನೂರು ಸಲ ಹೋಗಿ

ಮನೆಯಿಂದ ಇಪ್ಪತ್ತು ನಿಮಿಷದೊಳಗೆ ತಲುಪುವ ಒಂದು ಜಾಗ ಆರಿಸಿ. ಕುಮಟಾದ ಹೆಡ್ ಬಂದರಿನ ಬಂಡೆಯಾಗಲಿ, ಗಜನಿಯ ಬದುವಾಗಲಿ, ಮನೆ ಹಿಂದಿನ ತೋಟವಾಗಲಿ. ವಾರಕ್ಕೆ ಎರಡು ಸಲ ಅಲ್ಲಿಗೇ ಹೋಗಿ. ಬೇರೆ ಕಡೆ ಹೋಗಬೇಕು ಅನ್ನಿಸಿದಾಗಲೂ ಅಲ್ಲಿಗೇ ಹೋಗಿ.

ಕಾರಣ ಸರಳ. ದಿನಾ ಬರುವ ಗಿರಾಕಿ ಯಾರು ಎಂದು ಗೊತ್ತಿದ್ದರೆ ಮಾತ್ರ ಹೊಸಬ ಬಂದಾಗ ಕಣ್ಣಿಗೆ ಬೀಳುತ್ತಾನೆ. ಹತ್ತು ಊರು ಸುತ್ತಿದವನ ಮೆಮೊರಿ ಕಾರ್ಡ್‌ನಲ್ಲಿ ಹತ್ತು ಸಾಧಾರಣ ಫೋಟೊ ಇರುತ್ತವೆ. ಒಂದೇ ಬದುವಿನ ಮೇಲೆ ನೂರು ಸಲ ಕೂತವನಿಗೆ ಮಿಂಚುಳ್ಳಿ ಯಾವ ಗೂಟದ ಮೇಲೆ, ಎಷ್ಟು ಹೊತ್ತಿಗೆ, ಯಾವ ಕಡೆಗೆ ಮುಖ ಮಾಡಿ ಕೂರುತ್ತದೆ ಎನ್ನುವುದು ಬಾಯಿಪಾಠ. ಅವನು ಹಕ್ಕಿಯ ಹಿಂದೆ ಓಡುವುದಿಲ್ಲ, ಗೂಟದ ಎದುರು ಮೊದಲೇ ಹೋಗಿ ಕೂತಿರುತ್ತಾನೆ.

2. ಅಲಾರಂ ನೋಡಬೇಡಿ, ಭರತ-ಇಳಿತ ನೋಡಿ

ಕರಾವಳಿಯ ಹಕ್ಕಿ ಫೋಟೊಗ್ರಫಿಯ ಅರ್ಧ ಸಿಲೆಬಸ್ ಇದೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ವರ್ಷ ನಾನು ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಹಾಜರ್. ಶಿಸ್ತು ಅಂದರೆ ಶಿಸ್ತು. ಎಷ್ಟೋ ಸಲ ಸಿಕ್ಕಿದ್ದು ಮಾತ್ರ ಬರೀ ಚುಕ್ಕೆ. ಕೆಸರು ಅರ್ಧ ಮೈಲಿ ಹರಡಿಕೊಂಡಿರುತ್ತಿತ್ತು, ಹಕ್ಕಿಗಳು ಅದರ ಆಚೆ ತುದಿಯಲ್ಲಿ ಎಳ್ಳು ಚೆಲ್ಲಿದ ಹಾಗೆ. ಚಿಪ್ಪಿಕಲ್ಲು ಆರಿಸಿ ಬುಟ್ಟಿ ತುಂಬಿಕೊಂಡು ಬರುತ್ತಿದ್ದ ಹಿರಿಯರೊಬ್ಬರು ಒಂದು ಭಾನುವಾರ ನನ್ನ ಪಕ್ಕ ನಿಂತರು. "ತಮ್ಮಾ, ನೀ ಹಕ್ಕಿ ನೋಡೂಕೆ ಬತ್ಯೋ, ಕೆಸರ್ ನೋಡೂಕೆ ಬತ್ಯೋ? ನೀರ್ ಏರೂ ಹೊತ್ತಿಗೆ ಬಾ. ನೀರೇ ತಂದ್ ಕೊಡ್ತದೆ." ಯಾವ ವರ್ಕ್‌ಶಾಪ್‌ನಲ್ಲೂ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಪಾಠ ಸಿಕ್ಕಿಲ್ಲ.

ಲೆಕ್ಕ ಹೀಗಿದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ಪ್ರತಿದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಅಷ್ಟಮಿಯ ಹೊತ್ತಿಗೆ ಮಂದ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ಅಚ್ಚಾಗಿಯೇ ಇದೆ. ಅಜ್ಜಿ ಏಕಾದಶಿ ಹುಡುಕಲು ನೋಡುವ ಆ ಹಾಳೆಯೇ ನಿಮ್ಮ ಟೈಮ್‌ಟೇಬಲ್. ಗಂಟೆ-ನಿಮಿಷ ಬೇಕಿದ್ದರೆ ಟೈಡ್ ಆ್ಯಪ್ ಹಾಕಿಕೊಳ್ಳಿ. ಆದರೆ ಆ್ಯಪ್ ಹೇಳುವುದು ಸಮುದ್ರದ ಬಾಯಿಯ ಲೆಕ್ಕ. ನದಿಯೊಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ. ನಿಮ್ಮ ಜಾಗದಲ್ಲಿ ಎಷ್ಟು ತಡ ಎಂದು ಎರಡು ಸಲ ನೋಡಿ ಬರೆದಿಟ್ಟುಕೊಳ್ಳಿ. ಮತ್ತೆ ಯಾರನ್ನೂ ಕೇಳಬೇಕಿಲ್ಲ.

ನೀರು ಇಳಿದಾಗ ಹಕ್ಕಿಗಳು ಕೆಸರಿನ ಉದ್ದಗಲಕ್ಕೂ ಹರಡಿ ಮೇಯುತ್ತವೆ. ಏರಿದಾಗ ಮೇಯುವ ಜಾಗ ಮುಳುಗುತ್ತದೆ. ಆಗ ಎಲ್ಲವೂ ಎತ್ತರದ ಬದು, ಉಪ್ಪಿನ ಆಗರದ ದಿಬ್ಬ, ಮರಳ ದಂಡೆಗೆ ಬಂದು ಒತ್ತೊತ್ತಾಗಿ ನಿಲ್ಲುತ್ತವೆ. ಹಾಗಾಗಿ ಪೂರ್ಣ ಭರತಕ್ಕೆ ಎರಡು ಗಂಟೆ ಮೊದಲು ಹೋಗಿ ಕೂರಿ. ಮೊದಲು. ಹಕ್ಕಿ ಬಂದು ಕೂತ ಮೇಲೆ ನೀವು ಹೋದರೆ ಹಾರುತ್ತವೆ. ನೀವು ಕೂತ ಮೇಲೆ ಹಕ್ಕಿ ಬಂದರೆ ನಿಮ್ಮನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡ ಎಂದುಕೊಂಡು ಸುಮ್ಮನಿರುತ್ತವೆ.

ಒಂದು ಡಿಸೆಂಬರಿನ ಬೆಳಿಗ್ಗೆ ಹೀಗೇ ಬದುವಿಗೆ ಒರಗಿ ಕೂತಿದ್ದೆ. ಮೊದಲು ಏಡಿಯ ಬಿಲಗಳಲ್ಲಿ ಗುಳುಗುಳು ಗುಳ್ಳೆ ಎದ್ದಿತು. ಆಮೇಲೆ ನೀರು ನಾಲಿಗೆ ಚಾಚಿದ ಹಾಗೆ ಒಂದೊಂದೇ ಗೆರೆ ಮುಂದೆ ಬಂತು. ಆ ಗೆರೆಯ ಮುಂದೆಯೇ ಓಡುತ್ತಾ, ನಿಲ್ಲುತ್ತಾ, ಓಡುತ್ತಾ ಪುಟ್ಟ ಸ್ಯಾಂಡ್ ಪ್ಲವರ್‌ಗಳು. ಮುಕ್ಕಾಲು ಗಂಟೆಯಲ್ಲಿ ಬದುವಿನ ಮೇಲೆ ನನ್ನಿಂದ ಹನ್ನೆರಡು ಅಡಿ ದೂರದಲ್ಲಿ ಅರವತ್ತು ಹಕ್ಕಿ, ಎಲ್ಲವೂ ಗಾಳಿಗೆ ಮುಖ ಮಾಡಿ, ಬಹುಪಾಲು ಒಂಟಿ ಕಾಲಲ್ಲಿ. ಒಂದು ಕಣ್ಣು ಮುಚ್ಚಿ ನಿದ್ದೆ, ಇನ್ನೊಂದು ಕಣ್ಣು ನನ್ನ ಮೇಲೆ. ಶಟರ್ ಒತ್ತಲು ಐದು ನಿಮಿಷ ಧೈರ್ಯ ಬರಲಿಲ್ಲ. ಒತ್ತಿದೆ. ಎರಡು ತಲೆ ಮೇಲೆದ್ದು ಮತ್ತೆ ರೆಕ್ಕೆಯೊಳಗೆ ಹೋದವು. ಅದೇ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ.

3. ಮೊದಲು ಐವತ್ತು, ಆಮೇಲೆ ಅಪರೂಪ

ಅಪರೂಪದ ಹಕ್ಕಿ ಹುಡುಕುವುದನ್ನು ಒಂದು ವರ್ಷ ನಿಲ್ಲಿಸಿ. ಊರಿನ ಐವತ್ತು ಮಾಮೂಲಿ ಹಕ್ಕಿಗಳನ್ನು ಕಣ್ಣು ಮುಚ್ಚಿ ಹೇಳುವಷ್ಟು ಕಲಿಯಿರಿ. ಎಕ್ಸಾಮ್‌ನಲ್ಲಿ ಎರಡು ಮಾರ್ಕಿನ ಪ್ರಶ್ನೆಗಳೇ ಪಾಸು ಮಾಡಿಸುವುದು.

ಬೆಳ್ಳಕ್ಕಿಯಿಂದ ಶುರು ಮಾಡಿ. "ಬಿಳಿಯಾಗಿದ್ದದ್ದೆಲ್ಲ ಬೆಳ್ಳಕ್ಕಿ" ಎನ್ನುವವರು ಮೀನು ಮಾರ್ಕೆಟ್‌ನಲ್ಲಿ ಎಲ್ಲವನ್ನೂ 'ಮೀನು' ಎಂದು ಕೇಳುವವರ ಹಾಗೆ. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ ಸಾಕ್ಸ್ ಹಾಕಿದ ಹಾಗಿದ್ದರೆ ಸಣ್ಣ ಬೆಳ್ಳಕ್ಕಿ. ದನದ ಬೆನ್ನ ಹಿಂದೆ ಗಿಡ್ಡ ಹಳದಿ ಕೊಕ್ಕಿನದು ಗೋವಕ್ಕಿ. ಎಲ್ಲಕ್ಕಿಂತ ಎತ್ತರ, ಬಾಯಿಯ ಗೆರೆ ಕಣ್ಣಿನ ಹಿಂದಕ್ಕೂ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ. ಇನ್ನು ಬಂಡೆಯ ಮೇಲೆ ಒಂದು ಬೂದು ಬಣ್ಣದ ಬೆಳ್ಳಕ್ಕಿ ಕೂತಿರುತ್ತದೆ, ಗಂಟಲು ಮಾತ್ರ ಬಿಳಿ. ಅದು ರೀಫ್ ಎಗ್ರೆಟ್, ಅಪ್ಪಟ ಕರಾವಳಿಯ ಹಕ್ಕಿ. ಅದರಲ್ಲೇ ಪೂರ್ತಿ ಬಿಳಿಯವೂ ಇರುತ್ತವೆ, ನಿಮ್ಮನ್ನು ಪರೀಕ್ಷೆ ಮಾಡಲಿಕ್ಕೆಂದೇ.

ಆಮೇಲೆ ಕೊಳಬಕ. ಕೂತಾಗ ಕೆಸರಿನ ಬಣ್ಣ, ಕಾಲಡಿಯಲ್ಲೇ ಇದ್ದರೂ ಕಾಣುವುದಿಲ್ಲ. ಹಾರಿದಾಗ ಹಠಾತ್ತನೆ ಬಿಳಿ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಹೊಸಬರು ಇದನ್ನು ಎರಡು ಹಕ್ಕಿ ಎಂದು ಬರೆದುಕೊಳ್ಳುತ್ತಾರೆ. ನಾನೂ ಬರೆದುಕೊಂಡಿದ್ದೆ.

ಮೇಲೆ ನೋಡಿ. ಕೆಂಗಂದು ಮೈ, ಬಿಳಿ ತಲೆ: ಗರುಡ. ಬಾಲ ಕವಲೊಡೆದದ್ದು: ಮಾಮೂಲಿ ಹದ್ದು. ರೆಕ್ಕೆಯನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಮೇಲೆತ್ತಿ, ಗಿಡ್ಡ ಬಾಲದಲ್ಲಿ ದೊಡ್ಡದಾಗಿ ತೇಲುತ್ತಿದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಆ ದಿನ ಸಿಹಿ ತಿನ್ನಿ.

ಕನ್ನಡದಲ್ಲೇ ಓದಿ ಕಲಿಯಬೇಕೆನ್ನುವವರು ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ'ವನ್ನು ಬ್ಯಾಗಿನಲ್ಲಿ ಹಾಕಿಕೊಳ್ಳಿ. ಬರೆದವರು ಸ್ವತಃ ಕ್ಯಾಮೆರಾ ಹಿಡಿದು ಕಾದು ಕೂತವರು.

4. ಬಣ್ಣ ಕೊನೆಗೆ ನೋಡಿ

ಹಕ್ಕಿ ಕಂಡ ಕೂಡಲೇ ಮೂರು ಪ್ರಶ್ನೆ ಕೇಳಿ. ಎಷ್ಟು ದೊಡ್ಡದು? ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ? ಕೊಕ್ಕು ಹೇಗಿದೆ? ಹೇಗೆ ಓಡಾಡುತ್ತಿದೆ? ಬಣ್ಣ ನಾಲ್ಕನೇ ಪ್ರಶ್ನೆ.

ಯಾಕೆಂದರೆ ಚಳಿಗಾಲದಲ್ಲಿ ನಮ್ಮಲ್ಲಿಗೆ ಬರುವ ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ಮಂಕು ಬಟ್ಟೆಯಲ್ಲಿರುತ್ತವೆ. ಮದುವೆ ಸೀರೆ ಊರಲ್ಲೇ ಬಿಟ್ಟು ಬಂದ ಹಾಗೆ. ಕಂದುತಲೆ ಗಲ್ ಹಕ್ಕಿಗೆ ಡಿಸೆಂಬರಿನಲ್ಲಿ ಕಂದು ತಲೆಯೇ ಇರುವುದಿಲ್ಲ! ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಉಳಿದಿರುತ್ತದೆ ಅಷ್ಟೆ. ಮಾರ್ಚ್ ಕಳೆದ ಹಾಗೆ ತಲೆಗೆ ಬಣ್ಣ ಏರುತ್ತದೆ. ಬಣ್ಣ ಪೂರ್ತಿ ಏರುವ ಹೊತ್ತಿಗೆ ಹಕ್ಕಿ ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಿಗೆ ಹೊರಟು ನಿಂತಿರುತ್ತದೆ.

ನಡಿಗೆ ಮಾತ್ರ ಸುಳ್ಳು ಹೇಳುವುದಿಲ್ಲ. ಓಡಿ, ಗಕ್ಕನೆ ನಿಂತು, ಒಮ್ಮೆ ಕುಕ್ಕಿ, ಮತ್ತೆ ಓಡಿದರೆ ಪ್ಲವರ್ ಜಾತಿ. ತಲೆ ಎತ್ತದೆ ಹೊಲಿಗೆ ಮಿಷನ್ನಿನ ಹಾಗೆ ಕೆಸರು ಚುಚ್ಚುತ್ತಾ ಹೋದರೆ ಸ್ಯಾಂಡ್‌ಪೈಪರ್ ಬಳಗ. ಬಂಡೆಯ ಮೇಲೆ ನಿಂತು ಹಿಂಭಾಗವನ್ನು ಸದಾ ಕುಣಿಸುತ್ತಿದ್ದರೆ ಹೆಚ್ಚಾಗಿ ಕಾಮನ್ ಸ್ಯಾಂಡ್‌ಪೈಪರ್.

ಆದರೂ ಹೆಸರು ಸಿಗದಿದ್ದರೆ? 'ಯಾವುದೋ ಸ್ಯಾಂಡ್ ಪ್ಲವರ್' ಎಂದು ಬರೆದು ಮುಂದೆ ನಡೆಯಿರಿ. ಲೆಸ್ಸರ್ ಸ್ಯಾಂಡ್ ಪ್ಲವರ್ ಎಂದು ನಾವೆಲ್ಲ ವರ್ಷಗಟ್ಟಲೆ ಬರೆದುಕೊಂಡಿದ್ದ ಹಕ್ಕಿಯನ್ನು 2023ರಲ್ಲಿ ಇ-ಬರ್ಡ್ ಎಂಬ ಆನ್‌ಲೈನ್ ಹಕ್ಕಿ ಪಟ್ಟಿಯಲ್ಲಿ ಸೈಬೀರಿಯನ್, ಟಿಬೆಟನ್ ಎಂದು ಎರಡು ಮಾಡಿದರು. ಪಂಡಿತರೇ ಹೆಸರು ಬದಲಾಯಿಸುತ್ತಾರೆ. ನೀವು ಒಂದು ಹಕ್ಕಿಗಾಗಿ ಅರ್ಧ ದಿನ ಕೊರಗಬೇಡಿ.

5. ಅಲ್ಲೇ ಬರೆಯಿರಿ

ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್. ತಾರೀಕು, ಹೊತ್ತು, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಯಾವ ಹಕ್ಕಿ, ಎಷ್ಟು. ಮನೆಗೆ ಹೋಗಿ ಬರೆಯುತ್ತೇನೆ ಅನ್ನಬೇಡಿ. ಮನೆಯಲ್ಲಿ ಬರೆಯುವಾಗ ಹದಿನೈದು ಇದ್ದದ್ದು ಮೂವತ್ತಾಗುತ್ತದೆ.

"ದೀಪಾವಳಿಗೆ ಸರಿಯಾಗಿ ಗಲ್ ಬರುತ್ತವೆ" ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಮೂರು ವರ್ಷದ ನೋಟ್‌ಬುಕ್ ತೆಗೆದು ನೋಡಿದರೆ ಮೂರೂ ವರ್ಷ ಹಬ್ಬಕ್ಕೆ ಮೊದಲೇ ಬಂದಿದ್ದವು. ನನಗೆ ರಜೆ ಸಿಗುತ್ತಿದ್ದದ್ದು ದೀಪಾವಳಿಗೆ, ಅಷ್ಟೆ.

ಬರೆದದ್ದನ್ನು ಇ-ಬರ್ಡ್‌ಗೆ ಹಾಕಿ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು 2002ರಲ್ಲಿ ಶುರು ಮಾಡಿದ ಉಚಿತ ವ್ಯವಸ್ಥೆ ಅದು. ಅವರದೇ ಮರ್ಲಿನ್ ಆ್ಯಪ್ ಗುರುತು ಹಿಡಿಯಲು ಸಹಾಯ ಮಾಡುತ್ತದೆ. ಕಾಗೆಯನ್ನೂ ಸೇರಿಸಿ ಕಂಡದ್ದೆಲ್ಲವನ್ನೂ ಹಾಕಿ. ಕಾಗೆ ಬಿಟ್ಟ ಪಟ್ಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಾಲ್ಕು ದಿನ ನಡೆಯುತ್ತದೆ. ಭಾರತದವರು 2013ರಿಂದ ಎಣಿಸುತ್ತಿದ್ದೇವೆ. ಹದಿನೈದು ನಿಮಿಷ ಎಣಿಸಿದರೂ ಒಂದು ಪಟ್ಟಿ ಆಗುತ್ತದೆ. ವಿದ್ಯಾರ್ಥಿಗಳೇ, ಎರಡು ವರ್ಷದ ಸ್ವಂತ ಡೇಟಾ ಇಟ್ಟುಕೊಂಡು ಇಂಟರ್‌ವ್ಯೂಗೆ ಹೋಗಿ ನೋಡಿ. "ಹವ್ಯಾಸ: ಪುಸ್ತಕ ಓದುವುದು" ಎಂದು ಬರೆದ ನಲವತ್ತು ರೆಸ್ಯೂಮೆಗಳ ನಡುವೆ ನಿಮ್ಮದೊಂದನ್ನು ಕೈಗೆತ್ತಿಕೊಳ್ಳುತ್ತಾರೆ.

6. ಇರುವ ಕ್ಯಾಮೆರಾವನ್ನು ಪೂರ್ತಿ ಕಲಿಯಿರಿ

70-300 ಲೆನ್ಸ್ ಸಾಕು. ಉದ್ದ ಜೂಮ್ ಇರುವ ಬ್ರಿಡ್ಜ್ ಕ್ಯಾಮೆರಾ ಆದರೂ ಸಾಕು. ಅದೂ ಇಲ್ಲದಿದ್ದರೆ 8x42 ಬೈನಾಕ್ಯುಲರ್ ಕೊಳ್ಳಿ. ನೋಡಲು ಬಾರದವನಿಗೆ ತೆಗೆಯಲೂ ಬಾರದು.

ನೆನಪಿಡಬೇಕಾದ ಸೆಟ್ಟಿಂಗ್ ಮೂರೇ. ಕೂತ ಹಕ್ಕಿಗೆ ಶಟರ್ 1/500, ಹಾರುವ ಹಕ್ಕಿಗೆ 1/2000, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200. ಐಎಸ್‌ಒ ಆಟೊದಲ್ಲಿ ಬಿಡಿ. ಕಾಳಿನ ಹಾಗೆ ನಾಯ್ಸ್ ಬಂದರೆ ಬರಲಿ. ನಾಯ್ಸ್ ಇರುವ ಫೋಟೊ ಉಳಿಸಬಹುದು, ಅಲುಗಿದ ಫೋಟೊ ಉಳಿಸಲಾಗದು.

ಎಲ್ಲರೂ ಸೋಲುವುದು ಬೆಳ್ಳಕ್ಕಿಯಲ್ಲಿ. ಕಾಂಡ್ಲಾ ಗಿಡಗಳ ಕಡು ಹಸಿರಿನ ಮುಂದೆ ಚಿಕ್ಕದಾಗಿ ಬಿಳಿ ಹಕ್ಕಿ ನಿಂತಿದೆ. ಕ್ಯಾಮೆರಾ ಸುತ್ತಲಿನ ಕತ್ತಲೆಯನ್ನೇ ನೋಡಿ ಬೆಳಕು ಏರಿಸುತ್ತದೆ. ಹಕ್ಕಿ ಸುಣ್ಣ ಬಳಿದ ಗೋಡೆಯಾಗುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ ಒಂದಕ್ಕೆ ತನ್ನಿ. ತಲೆಯ ಮೇಲೆ ಗರುಡ ಹಾರುತ್ತಿದ್ದರೆ ಉಲ್ಟಾ. ಹಿಂದೆ ಬೆಳ್ಳಗಿನ ಆಕಾಶ, ಹಕ್ಕಿ ಬರೀ ಕರಿ ನೆರಳು. ಪ್ಲಸ್ ಒಂದಕ್ಕೆ ಏರಿಸಿ. ಈ ಒಂದು ಡಯಲ್ಲನ್ನು ನೋಡದೆ ಬೆರಳಲ್ಲೇ ತಿರುಗಿಸುವ ಅಭ್ಯಾಸವಾಗಲಿ. ರಾತ್ರಿ ಟಿವಿ ಮುಂದೆ ಕೂತು ಪ್ರಾಕ್ಟೀಸ್ ಮಾಡಿ, ನಾನು ಹಾಗೇ ಮಾಡಿದ್ದು. ಮನೆಯವರು ನಕ್ಕರೆ ನಗಲಿ.

7. ಸೂರ್ಯ ಬೆನ್ನ ಹಿಂದೆ, ಹೊಟ್ಟೆ ನೆಲಕ್ಕೆ

ನಮ್ಮದು ಪಡುಗಡಲು. ಬೆಳಿಗ್ಗೆ ಬೀಚಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತರೆ ಬೆಳಕು ಬೆನ್ನ ಹಿಂದಿನಿಂದ ನೇರ ಹಕ್ಕಿಯ ಮೇಲೆ ಬೀಳುತ್ತದೆ. ಸಂಜೆ ಅದೇ ಜಾಗದಲ್ಲಿ ಸೂರ್ಯ ಎದುರಿಗಿರುತ್ತಾನೆ, ಸಿಗುವುದು ನೆರಳು ಚಿತ್ರ ಮಾತ್ರ. ಆದ್ದರಿಂದ ಬೆಳಿಗ್ಗೆ ಬೀಚ್, ಸಂಜೆ ಗಜನಿಯ ಪಡುವಣ ಬದು. ಪ್ರವಾಸಿಗರು ತದ್ವಿರುದ್ಧ ಮಾಡುತ್ತಾರೆ.

ನಿಂತು ತೆಗೆದ ಫೋಟೊದಲ್ಲಿ ಹಕ್ಕಿಯ ಬೆನ್ನು ಮತ್ತು ಕೆಸರು. ಮಲಗಿ ತೆಗೆದರೆ ಹಕ್ಕಿಯ ಕಣ್ಣು, ಹಿಂದೆ ಹತ್ತಿಯಂಥ ಮಸುಕು. ಹಳೆ ಅಂಗಿ ಹಾಕಿ, ಗೋಣಿಚೀಲ ಹಾಸಿ, ಮಲಗಿ. ನಾಚಿಕೆ ಇನ್ನೊಂದು ಚಟ.

8. ಹಕ್ಕಿ ಹಾರಿದರೆ ನೀವು ಸೋತಿರಿ

ನೇರ ನಡೆಯಬೇಡಿ, ಓರೆಯಾಗಿ ಹೋಗಿ. ಹಕ್ಕಿಯನ್ನೇ ದುರುಗುಟ್ಟಿ ನೋಡಬೇಡಿ. ಮೇಯುವುದನ್ನು ಬಿಟ್ಟು ತಲೆ ಎತ್ತಿದರೆ ಅದು ಕೆಂಪು ಸಿಗ್ನಲ್, ಅಲ್ಲೇ ನಿಲ್ಲಿ. ಮತ್ತೆ ಮೇಯತೊಡಗಿದರೆ ಎರಡು ಹೆಜ್ಜೆ. ಹಾರುವ ಶಾಟ್ ಬೇಕೆಂದು ಕಲ್ಲು ಎಸೆಯುವವರನ್ನು ಕಂಡಿದ್ದೇನೆ. ಅವರ ಜೊತೆ ಇನ್ನೊಮ್ಮೆ ಹೋಗಬೇಡಿ.

ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಇಲ್ಲಿ ಮಾಡುವುದು ಒಂದೇ ಕೆಲಸ: ತಿಂದು ಕೊಬ್ಬು ಕೂಡಿಸಿಕೊಳ್ಳುವುದು. ವಾಪಸ್ ಹೋಗಲು ಅದೇ ಪೆಟ್ರೋಲ್. ನೀವು ಪ್ರತಿ ಸಲ ಎಬ್ಬಿಸಿದಾಗಲೂ ಅದರ ಟ್ಯಾಂಕ್ ಸೋರುತ್ತದೆ.

ಗೂಡಿನ ಫೋಟೊ ಬೇಡವೇ ಬೇಡ. ಬೇಸಿಗೆಯಲ್ಲಿ ಟಿಟ್ಟಿಭ ಬರೀ ನೆಲದ ಮೇಲೆ ಕಲ್ಲಿನಂಥ ಮೊಟ್ಟೆ ಇಡುತ್ತದೆ. ತಲೆಯ ಮೇಲೆ ಕಿರುಚುತ್ತಾ ಸುತ್ತತೊಡಗಿದರೆ ನೀವು ಮೊಟ್ಟೆಯ ಹತ್ತಿರ ಇದ್ದೀರಿ ಎಂದರ್ಥ. ಬಂದ ದಾರಿಯಲ್ಲೇ, ಕಾಲಿಡುವ ಜಾಗ ನೋಡಿಕೊಂಡು ಹಿಂದೆ ಸರಿಯಿರಿ. ನೀವು ಅಲ್ಲಿದ್ದಷ್ಟು ಹೊತ್ತು ಮೊಟ್ಟೆ ಬಿಸಿಲಲ್ಲಿ ಬೇಯುತ್ತಿರುತ್ತದೆ, ಕಾಗೆ ನಿಮ್ಮನ್ನೇ ಗಮನಿಸುತ್ತಿರುತ್ತದೆ. ಗೂಡು-ಮೊಟ್ಟೆಗೆ ತೊಂದರೆ ಕೊಡದಂತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದೆ. ಹಲವು ಫೋಟೊ ಸ್ಪರ್ಧೆಗಳಲ್ಲೂ ಗೂಡಿನ ಚಿತ್ರ ಕಳಿಸಿದರೆ ತೆಗೆದುಹಾಕುತ್ತಾರೆ. ನಿಮಗೆ ಲಾಭವೂ ಇಲ್ಲ.

9. ನೀರಿನವರ ಜೊತೆ ಮಾತಾಡಿ

ಲಾಂಚಿನಲ್ಲಿ ಅಘನಾಶಿನಿಯಿಂದ ತದಡಿಗೆ ದಾಟುವಾಗ ಫೋನ್ ಒಳಗಿಡಿ, ಪಕ್ಕದವರ ಹತ್ತಿರ ಮಾತಾಡಿ. ಯಾವ ಕಡೆ ಮೀನು ಎದ್ದಿದೆಯೋ ಆ ಕಡೆ ಟರ್ನ್ ಹಕ್ಕಿಗಳು ಧುಮುಕುತ್ತಿರುತ್ತವೆ. ಇದು ಬಲೆ ಹಾಕುವವರಿಗೆ ಗೊತ್ತು, ಯಾವ ಆ್ಯಪ್‌ಗೂ ಗೊತ್ತಿಲ್ಲ. ಬಂದರಿಗೆ ಬೋಟು ಬರುವ ಹೊತ್ತಿಗೆ ಗರುಡ, ಹದ್ದು, ಬೆಳ್ಳಕ್ಕಿಗಳ ಸಂತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬಂದರು ಖಾಲಿ. ನಿಮ್ಮ ಕ್ಯಾಲೆಂಡರಿನಲ್ಲಿ ಅದೂ ಇರಲಿ.

ಚಿಪ್ಪಿಕಲ್ಲು ಆರಿಸುವ ಹೆಂಗಸರ ಕಡೆ ಕೇಳದೆ ಲೆನ್ಸ್ ತಿರುಗಿಸಬೇಡಿ. ಸೊಂಟದ ಮಟ್ಟದ ನೀರಿನಲ್ಲಿ ದುಡಿಯುವಾಗ ನಿಮ್ಮ ಫ್ರೇಮಿಗೆ ಪೋಸ್ ಕೊಡುವುದು ಅವರ ಕೆಲಸವಲ್ಲ. ಉಪ್ಪಿನ ಆಗರದೊಳಗೆ ಹೋಗಬೇಕಿದ್ದರೆ ಮೊದಲು ಅನುಮತಿ ಕೇಳಿ, ಬದು ಮೆಟ್ಟಿ ಮುರಿಯಬೇಡಿ. ಹಿಂದಿನ ಸಲ ತೆಗೆದ ಫೋಟೊ ತೋರಿಸಿ. ಮುಂದಿನ ಸಲ ನೀವು ಬರುವ ಮೊದಲೇ "ಆ ಸೊಟ್ಟ ಕೊಕ್ಕಿಂದು ನಿನ್ನೆ ಬಂದಿತ್ತು" ಎನ್ನುವ ಸುದ್ದಿ ಕಾದಿರುತ್ತದೆ. ಸೊಟ್ಟ ಕೊಕ್ಕಿಂದು ಅಂದರೆ ಕರ್ಲ್ಯೂ. ನನಗೆ ಆ ಹೆಸರೇ ಇಷ್ಟ.

10. ಬೂಷ್ಟಿಗೆ ಅವಕಾಶ ಕೊಡಬೇಡಿ

ಕರಾವಳಿಯಲ್ಲಿ ಕ್ಯಾಮೆರಾ ಕಳ್ಳರ ಪಾಲಾಗುವುದಕ್ಕಿಂತ ಗಾಳಿಯಿಂದ ಹಾಳಾಗುವುದು ಹೆಚ್ಚು. ನನ್ನ ಮೊದಲ ಲೆನ್ಸನ್ನು ಒಂದು ಮಳೆಗಾಲ ಬೀರುವಿನಲ್ಲಿ, ಅದರ ಜೊತೆಗೇ ಬಂದ ಚಂದದ ಲೆದರ್ ಚೀಲದಲ್ಲಿ ಇಟ್ಟಿದ್ದೆ. ಚೌತಿಗೆ ತೆಗೆದು ಬೆಳಕಿಗೆ ಹಿಡಿದರೆ ಗಾಜಿನೊಳಗೆ ಜೇಡರ ಬಲೆ. ರಿಪೇರಿಗೆ ಕೊಟ್ಟೆ. ಎರಡು ತಿಂಗಳು ಇಟ್ಟುಕೊಂಡು, ಒಂದು ಸ್ಕ್ರೂ ಕಡಿಮೆ ಮಾಡಿ, ಬೂಷ್ಟು ಹಾಗೇ ಇಟ್ಟು ವಾಪಸ್ ಕೊಟ್ಟರು. ಈಗ ಅದು ಪೇಪರ್ ವೇಟ್.

ಈಗ ಮಾಡುವುದು ಇದು. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಒಳಗೆ ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇಕಡಾ 40 ಮತ್ತು 50ರ ನಡುವೆ ಇರಬೇಕು. ಜೆಲ್ಲಿನ ಬಣ್ಣ ತಿರುಗಿದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಬಣ್ಣ ಮರಳುತ್ತದೆ. ಅಡುಗೆಯ ಬಾಣಲೆ ಮುಟ್ಟಬೇಡಿ, ಜಗಳವೂ ಆಗುತ್ತದೆ, ಆ ಪುಡಿ ಹೊಟ್ಟೆಗೂ ಒಳ್ಳೆಯದಲ್ಲ. ಚರ್ಮದ ಚೀಲ ಡಬ್ಬಿಯ ಹೊರಗೆ. ಅಕ್ಕಿಯಲ್ಲಿ ಹೂತಿಡುವ ಐಡಿಯಾ ಬಿಡಿ, ಅಕ್ಕಿಯ ಧೂಳು ಇನ್ನೊಂದು ತಲೆನೋವು.

ಬೀಚಿನಿಂದ ಬಂದ ಕೂಡಲೇ, ಚಹಾಕ್ಕೂ ಮೊದಲು, ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ. ಮುಂದಿನ ಗಾಜನ್ನು ಮಾತ್ರ ಮೊದಲು ಊದಿ, ಮರಳು ಹೋದ ಮೇಲೆ ಒರೆಸಿ. ಬೀಚಿನಲ್ಲಿ ಲೆನ್ಸ್ ಬದಲಿಸಲೇಬೇಡಿ.

11. ಮಳೆಗಾಲವನ್ನು ರಜೆ ಅಂದುಕೊಳ್ಳಬೇಡಿ

ವಲಸೆ ಹಕ್ಕಿ ಹೋಯಿತು, ಇನ್ನು ಅಕ್ಟೋಬರಿಗೇ ನೋಡೋಣ ಎನ್ನುವವರು ವರ್ಷಕ್ಕೆ ಐದು ತಿಂಗಳು ಕಳೆದುಕೊಳ್ಳುತ್ತಾರೆ. ಗದ್ದೆಯ ಪಕ್ಕದ ತೆಂಗಿನ ಗರಿಗೆ ಗೀಜಗ ಗೂಡು ನೇಯುವುದು ಆಗಲೇ. ಗಂಡು ಅರ್ಧ ನೇಯ್ದು ತೋರಿಸುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ, ಒಪ್ಪಿಗೆಯಾಗದಿದ್ದರೆ ಎದ್ದು ಹೋಗುತ್ತದೆ. ಗಂಡು ಇನ್ನೊಂದು ಗೂಡು ಶುರು ಮಾಡುತ್ತದೆ. ಅಪ್ರೈಸಲ್ ಬಗ್ಗೆ ಗೊಣಗುವ ಸಹೋದ್ಯೋಗಿಗಳನ್ನು ಒಮ್ಮೆ ಕರೆದುಕೊಂಡು ಹೋಗಿ. ಗೂಡಿನ ಫೋಟೊ ಬೇಡ ಎಂದವನೇ ಹೀಗೆ ಹೇಳುತ್ತೇನಲ್ಲ ಎಂದರೆ, ಇಲ್ಲಿ ರಸ್ತೆಯಲ್ಲೇ ನಿಂತು ದೂರದಿಂದ ನೋಡುವ ಮಾತು. ಹತ್ತಿರ ಹೋಗುವುದು ಇಲ್ಲೂ ಇಲ್ಲ.

ಇನ್ನೊಂದು, ಜೋರು ಗಾಳಿ-ಮಳೆಯ ಮರುದಿನ ಬೀಚಿನ ಮೇಲೆ ಒಂದು ಸುತ್ತು ಹಾಕಿ. ದಡವನ್ನೇ ನೋಡದ ನಡುಗಡಲಿನ ಹಕ್ಕಿಗಳು, ಸೂಟಿ ಟರ್ನ್, ಬ್ರೈಡಲ್ಡ್ ಟರ್ನ್, ಬೂಬಿ, ಸುಸ್ತಾಗಿ ಬಂದು ಬಿದ್ದಿರುತ್ತವೆ. ಕಂಡರೆ ಕ್ಯಾಮೆರಾ ಕೆಳಗಿಡಿ. ಸಮುದ್ರಕ್ಕೆ ಎತ್ತಿ ಎಸೆಯಬೇಡಿ, ಬಾಯಿಗೆ ನೀರು ಹೊಯ್ಯಬೇಡಿ. ಟವೆಲ್ ಮುಚ್ಚಿ ಎತ್ತಿ (ಬೂಬಿಯ ಕೊಕ್ಕು ಚೂರಿಯ ಹಾಗಿದೆ, ಮುಖದಿಂದ ದೂರ), ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲೆ ಮಾಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಫೋಟೊ ಒಂದು ಸಾಕು, ಗುರುತಿಗೆ.

12. ನಾನೂರರಲ್ಲಿ ಮೂರು ಉಳಿಸಿ

ಬಂದ ರಾತ್ರಿಯೇ ಕೂತು ಅಳಿಸಿ. ಕಣ್ಣು ಶಾರ್ಪ್ ಇಲ್ಲವೇ, ತೆಗೆಯಿರಿ. ಮುಖ ತಿರುಗಿದೆಯೇ, ತೆಗೆಯಿರಿ. "ಇರಲಿ, ಮುಂದೆ ಬೇಕಾಗಬಹುದು" ಎಂದು ಇಟ್ಟುಕೊಂಡ ಯಾವ ಫೋಟೊವೂ ನನಗೆ ಇವತ್ತಿನವರೆಗೆ ಬೇಕಾಗಿಲ್ಲ. ಹೊಸ ಹಕ್ಕಿಯ ಮಸುಕು ಫೋಟೊ ಮಾತ್ರ ದಾಖಲೆಗೆ ಇಡಿ. ಉಳಿದ ಮೂರನ್ನು ಎರಡು ಕಡೆ ಬ್ಯಾಕಪ್ ಮಾಡಿ, ಫೈಲಿನ ಹೆಸರಿನಲ್ಲೇ ತಾರೀಕು, ಜಾಗ, ಹಕ್ಕಿ ಬರೆಯಿರಿ.

ಲೈಕ್ ಎಣಿಸಬೇಡಿ. ಹೋದ ವರ್ಷದ ಇದೇ ತಿಂಗಳ ಮೂರು ಫೋಟೊಗಳ ಪಕ್ಕದಲ್ಲಿ ಈ ವರ್ಷದ ಮೂರನ್ನು ಇಟ್ಟು ನೋಡಿ. ಎಲ್ಲಿ ಸುಧಾರಿಸಿದ್ದೀರಿ ಎನ್ನುವುದು ಅಲ್ಲೇ ಕಾಣುತ್ತದೆ, ಎಲ್ಲಿ ಇಲ್ಲ ಎನ್ನುವುದೂ. ನನ್ನ ಹಾರುವ ಟರ್ನ್ ಈಗಲೂ ನಾಲ್ಕರಲ್ಲಿ ಮೂರು ಸಲ ರೆಕ್ಕೆ ಕತ್ತರಿಸಿಕೊಂಡೇ ಫ್ರೇಮಿನೊಳಗೆ ಬರುತ್ತದೆ. ಈ ಸೀಸನ್ನಿಗೆ ನನ್ನ ಟಾರ್ಗೆಟ್ ಅದೇ.

ನಿಮ್ಮದು? ಗೋಡೆಯ ಕ್ಯಾಲೆಂಡರ್ ತಿರುವಿ, ಬರುವ ಹುಣ್ಣಿಮೆ ಯಾವ ವಾರ ಎಂದು ನೋಡಿ. ಆ ದಿನ ರಜೆ ಸಿಗದಿದ್ದರೆ ಹಿಂದೆ-ಮುಂದೆ ಎರಡು ದಿನ ನಡೆಯುತ್ತದೆ, ನೀರು ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಗೋಣಿಚೀಲ ಹೊರಗೆ ತೆಗೆದಿಡಿ. ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಇದೆಯಾ ನೋಡಿ.